ಒಂದೇ ಸೀಟಿನ ತರಬೇತಿ

ಸೈನ್ಯದಿಂದ ಬಿಡುಗಡೆಯಾಗಲು ಮೂರು ತಿಂಗಳು ಇರುವಾಗ ನಮಗೊಂದು ಫಾರ್ಮು ಕೊಡುತ್ತಾರೆ. ಮುಂದೆ ಏನು ಕಲಿತು ಬದುಕುತ್ತೀಯ ಎಂದು ಕೇಳುವ ಫಾರ್ಮು. ಸೆಕ್ಯುರಿಟಿ ಗಾರ್ಡ್, ಡ್ರೈವಿಂಗ್, ಕಂಪ್ಯೂಟರ್, ಅಣಬೆ ಬೇಸಾಯ, ನಳದ ಕೆಲಸ ಎಂದು ಉದ್ದನೆಯ ಪಟ್ಟಿ ಇರುತ್ತದೆ. ಒಂದರ ಮುಂದೆ ಗುರುತು ಹಾಕಬೇಕು. ನಾನು ಅದನ್ನು ಮೂರು ಸಲ ತುಂಬಿದೆ. ಮೊದಲು ಡ್ರೈವಿಂಗ್‌ಗೆ ಹಾಕಿದೆ. ಮರುದಿನ ವಾಪಸು ಕೇಳಿ ಪಡೆದು ಅಣಬೆಗೆ ಹಾಕಿದೆ. ವಾರ ಕಳೆದ ಮೇಲೆ ಅದನ್ನೂ ಹೊಡೆದುಹಾಕಿ ನಳದ ಕೆಲಸ ಎಂದು ಬರೆದೆ. ಕಚೇರಿಯ ಸುಬೇದಾರರು, "ಯಮನಪ್ಪಾ, ಇನ್ನೊಂದ್ಸಲ ಈ ಬಾಗಿಲಿಗೆ ಬಂದ್ರೆ ನಿನ್ನ ಬಿಡುಗಡೆಯನ್ನೇ ರದ್ದು ಮಾಡಿಸ್ತೀನಿ" ಎಂದು ಗದರಿದರು.

ನಳದ ಕೆಲಸವೇ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಇಪ್ಪತ್ತು ವರ್ಷ ನನ್ನ ಕೆಲಸ ನೆಲದೊಳಗೆ ಹುಗಿದಿಟ್ಟ ಮೈನುಗಳನ್ನು ಹುಡುಕಿ ತೆಗೆಯುವುದಾಗಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಂತ್ರವನ್ನು ನೆಲದ ಮೇಲೆ ಆಡಿಸುತ್ತ, ಅದು ಕುಂಯ್ ಎಂದ ಕಡೆ ಬೋರಲು ಮಲಗಿ ಬೆರಳಿನಿಂದ ಮಣ್ಣು ಬಿಡಿಸಬೇಕು. ಉಳಿದ ಆಯುಷ್ಯದಲ್ಲಿ ನೆಲ ಅಗೆದರೆ ಉಪಯೋಗದ್ದೊಂದನ್ನು ಒಳಗಿಟ್ಟು ಮುಚ್ಚಬೇಕು ಅನ್ನಿಸಿತ್ತು. ಆದರೆ ಹಳೆಯ ಕೆಲಸ ಮೈಯಿಂದ ಬಿಟ್ಟುಹೋಗಿರಲಿಲ್ಲ. ಒಂದು ಕಡೆ ಕೂತರೆ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದೆ. ಬರಿಮಣ್ಣಿನ ಮೇಲೆ ನಡೆಯುವಾಗ ಬೇರೆಯವರ ಹೆಜ್ಜೆ ಮೂಡಿದ ಕಡೆಯೇ ಕಾಲಿಡುತ್ತಿದ್ದೆ.

ನಾವು ಎಲ್ಲಿ ನೆಲೆಸುತ್ತೇವೆಂದು ಬರೆದುಕೊಡುತ್ತೇವೋ ಆ ಊರಿನಲ್ಲೇ ತರಬೇತಿ ಪಡೆಯಬೇಕು. ನನ್ನ ಹೆಂಡತಿ ನೀಲವ್ವ ತನ್ನ ತವರೂರು ಬಿಟ್ಟು ಬರಲು ಒಪ್ಪಿರಲಿಲ್ಲ. ಹಾಗಾಗಿ ಆ ಊರಿನ ಹೆಸರು ಬರೆದೆ.

ಆ ಊರಿನಲ್ಲಿ ಕೈಕೆಲಸ ಕಲಿಸಿದವರ ಕೈಯಿಂದ ಆ ಕೆಲಸ ಹೊರಟುಹೋಗುತ್ತದೆ. ಓದು, ಲೆಕ್ಕ, ಹಾಡು ಹಾಗಲ್ಲ. ಅವನ್ನು ಎಷ್ಟು ಜನಕ್ಕೆ ಬೇಕಾದರೂ ಕಲಿಸಬಹುದು. ಕೈಯಲ್ಲಿರುವುದನ್ನು ಮಾತ್ರ ಒಬ್ಬರಿಗೆ ಕೊಟ್ಟರೆ ತನಗೆ ಉಳಿಯುವುದಿಲ್ಲ. ಮದುವೆಯ ಹೊಸದರಲ್ಲಿ ರಜೆಗೆ ಬಂದಾಗ ನನಗೆ ಇದು ತಮಾಷೆಯಾಗಿ ಕಂಡಿತ್ತು. ಬೆಳಿಗ್ಗೆ ಬೀದಿಯಲ್ಲಿ ನಿಂತರೆ ಮಕ್ಕಳು ಸೈಕಲ್ ಹೊಡೆಯುತ್ತ, ಸೈಕಲ್ ಕಲಿಸಿದ ಅಪ್ಪಂದಿರು ಹಿಂದಿನ ಕ್ಯಾರಿಯರ್ ಮೇಲೆ ಚೀಲ ಹಿಡಿದು ಕೂತು ಹೋಗುವುದು ಕಾಣುತ್ತಿತ್ತು. ಮದುವೆಯಾದ ಮಗಳಿಗೆ ಅಡಿಗೆ ಕಲಿಸಿ ಕಳಿಸಿದ ತಾಯಂದಿರು ಅಕ್ಕಪಕ್ಕದ ಮನೆಗಳಲ್ಲಿ ಊಟಕ್ಕೆ ಕೂರುತ್ತಿದ್ದರು. ಅವರಿಗೆ ಬಡಿಸುವುದು ಆ ಬೀದಿಯ ಪದ್ಧತಿ. ಒಮ್ಮೆ ನಾನು ನೀಲವ್ವನಿಗೆ ರೊಟ್ಟಿ ಬಡಿಯುವುದನ್ನು ಕಲಿಸು ಎಂದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನನ್ನು ಅತ್ತ ದಬ್ಬಿ, "ನಿಮಗ ಕಲಿಸಿದ್ರ ಆಮ್ಯಾಲ ನಾ ಏನ ಬಡೀಲಿ?" ಎಂದಿದ್ದಳು.

ಈಗ ನಾನೇ ಒಬ್ಬರ ಕೈಯಿಂದ ತೆಗೆದುಕೊಳ್ಳಬೇಕಾಗಿತ್ತು. ತರಬೇತಿ ಕಚೇರಿ ಹಳೆಯ ಅಂಚೆ ಕಚೇರಿಯ ಹಿಂದಿತ್ತು. ಗುರುಸಿದ್ದಯ್ಯ ಎಂಬ ಗುಮಾಸ್ತರು ನನ್ನ ಕಾಗದಗಳನ್ನು ಎರಡೆರಡು ಸಲ ನೋಡಿ ಗೋಡೆಯ ಮೇಲಿನ ಬೋರ್ಡಿನ ಕಡೆ ಕೈ ತೋರಿಸಿದರು. ನಳದ ಕೆಲಸದ ಕೆಳಗೆ ಎರಡೇ ಹೆಸರಿದ್ದವು: ಮೌಲಾಸಾಬ, ಬಸಲಿಂಗವ್ವ.

"ಒಂದ ಕೋರ್ಸಿಗೆ ಒಂದ ಸೀಟ್ರಿ, ಹವಾಲ್ದಾರ್ರ," ಎಂದರು. "ಪೂರಾ ಕಲತ ಮ್ಯಾಲ ಇಬ್ಬರೂ ಬಂದು ಇಲ್ಲಿ ಸಹಿ ಮಾಡಬೇಕು. ನಡುವ ಬಿಟ್ಟು ಹ್ವಾದ್ರ ನಿಮಗ ಸರ್ಟಿಫಿಕೇಟ್ ಇಲ್ಲ, ಅವರಿಗೆ ಬಿಡುಗಡಿ ಇಲ್ಲ."

"ಎರಡರಾಗ ಯಾವ್ದು ಚೊಲೊ ರೀ?"

"ಮೌಲಾಸಾಬರದು ಲಗೂ ಮುಗೀತೈತಿ," ಎಂದು ಗುರುಸಿದ್ದಯ್ಯ ನಕ್ಕರು. ಯಾಕೆ ನಕ್ಕರೆಂದು ನನಗೆ ತಿಳಿಯಲಿಲ್ಲ.

ಲಗೂ ಮುಗಿಯುವುದೇ ನನಗೆ ಬೇಕಾಗಿತ್ತು. ಮೌಲಾಸಾಬರು ಎಂಬತ್ತರ ಹತ್ತಿರದವರು. ನನ್ನನ್ನು ಕೂರಿಸಿ ಚಹಾ ಕೊಟ್ಟು, ಮೂರು ಮಂದಿ ಗಂಡುಮಕ್ಕಳ ಕಥೆ ಹೇಳಿ, ಅಡಿಗೆಮನೆಗೆ ಕರೆದುಕೊಂಡು ಹೋದರು. ನಳದ ತಲೆ ಬಿಚ್ಚುವುದು, ಹಳೆ ವಾಷರ್ ತೆಗೆದು ಹೊಸದು ಕೂರಿಸುವುದು ತೋರಿಸಿದರು. ನಾನು ಮಾಡಿದೆ. ನಳ ಸೋರುವುದು ನಿಂತಿತು. ಅವರು ಕೈ ಒರೆಸಿಕೊಂಡರು.

"ಆಯ್ತ್ರಿ."

"ಆಯ್ತಂದ್ರ?"

"ಅಷ್ಟ ಉಳದಿತ್ತಪಾ. ಪೈಪು ಕೂಡಿಸೋದು ದೊಡ್ಡವಗ ಕೊಟ್ಟೆ, ಮೋಟರು ನಡುವಿನವಗ, ಮೋರಿ ಸಣ್ಣವಗ. ಮೂವರೂ ಬ್ಯಾರೆ ಊರಿಗೆ ಹ್ವಾದ್ರು. ಈ ವಾಷರ್ ಒಂದು ನನ್ನ ಹತ್ರ ಇತ್ತು, ಅದನ್ನೂ ನಿಮ್ಮ ಕೈಯಾಗ ಹಾಕಿದೆ ನೋಡ್ರಿ." ಹೀಗೆಂದು ಮಕ್ಕಳಂತೆ ನಕ್ಕರು.

ಮುಂದಿನ ವಾರ ಅವರ ಬಚ್ಚಲುಮನೆಯ ನಳ ಸೋರಲು ಶುರುವಾಯಿತು. ಅವರೊಡನೆ ಊರಲ್ಲೇ ಉಳಿದಿದ್ದ ಸೊಸೆ ನನ್ನನ್ನು ಹುಡುಕಿಕೊಂಡು ಬಂದಳು. ನಾನು ವಾಷರ್ ಹಾಕುವಾಗ ಮೌಲಾಸಾಬರು ಪಕ್ಕದಲ್ಲಿ ನಿಂತು, ಜಾದೂ ನೋಡಿದ ಹಾಗೆ ಕಣ್ಣರಳಿಸಿ ನೋಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಾನಾ ಜೇಬಿಗಿಟ್ಟುಕೊಂಡು, ಕೊಟ್ಟ ಚಹಾ ಮುಟ್ಟದೆ ಹೊರಬಿದ್ದೆ.

ವಾಷರ್ ಒಂದರಿಂದಲೇ ಹೊಟ್ಟೆ ತುಂಬುವಂತಿರಲಿಲ್ಲ. ಉಳಿದದ್ದು ಬಸಲಿಂಗವ್ವನ ಹೆಸರು. ಅರವತ್ತರ ಹತ್ತಿರದ ಹೆಂಗಸು. ಇಡೀ ಊರಿನ ನೀರಿನ ಪೈಪುಗಳ ಕೆಲಸ ಅವಳದೇ. ಹನ್ನೆರಡು ವರ್ಷದ ಹಿಂದೆ ಗಂಡ ಈರಪ್ಪ ತೀರಿಕೊಳ್ಳುವ ಮುಂಚೆ ಹಾಸಿಗೆಯಲ್ಲಿದ್ದುಕೊಂಡೇ ಅವಳಿಗೆ ಎಲ್ಲವನ್ನೂ ಕಲಿಸಿ ಹೋಗಿದ್ದ. ಈಗ ಅವಳ ಮೊಣಕಾಲುಗಳು ಕೆಟ್ಟಿದ್ದವು. ಗುಂಡಿಗೆ ಇಳಿದರೆ ಮೇಲೆ ಬರಲು ಇಬ್ಬರು ಕೈ ಹಿಡಿಯಬೇಕಿತ್ತು. ನಾನು ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಮಿಲ್ಟ್ರಿಯಾಗ ನೀನೂ ಕಲಿಸೀಯೇನ, ತಮ್ಮಾ?" ಎಂದು ಕೇಳಿದಳು.

"ಕಲಿಸೀನ್ರಿ ಅಕ್ಕಾರ. ಮುನ್ನೂರು ಮಂದಿಗಿ."

"ಮತ್ತ ನಿನ್ನ ಕೈಯಾಂದು ಹೋಗಲಿಲ್ಲ?"

"ಇಲ್ರಿ. ಅಲ್ಲಿ ಹಂಗ ಆಗಂಗಿಲ್ಲ."

"ಪುಣ್ಯವಂತ ಅದಿ."

"ಹೋಗಿದ್ರ ಚೊಲೊ ಆಗ್ತಿತ್ರಿ," ಎಂದುಬಿಟ್ಟೆ.

ಅವಳು ತಿಕ್ಕುವುದನ್ನು ನಿಲ್ಲಿಸಿ ನನ್ನ ಕಾಲುಗಳನ್ನು ನೋಡಿದಳು. ಅಂಗಳದ ಮಣ್ಣು ಬಿಟ್ಟು ಒಂದು ಹಾಸುಗಲ್ಲಿನ ಮೇಲೆ ಎರಡೂ ಪಾದ ಜೋಡಿಸಿಕೊಂಡು ನಿಂತಿದ್ದೆ. "ನಾಳೆ ಏಳು ಗಂಟೆಗೆ ಬಾ," ಎಂದಳು.

ಮೊದಲ ದಿನ ಪೈಪು ಕತ್ತರಿಸುವುದು ಹೇಳಿಕೊಟ್ಟಳು. ಎರಡನೆಯ ದಿನ ಕತ್ತರಿಸಿದ ತುದಿಗೆ ಡೈ ಎಂಬ ಅಚ್ಚು ಹಾಕಿ ತಿರುಪಿನ ಸುತ್ತು, ಅಂದರೆ ಮರೆ, ಕೊರೆಯುವುದು. ಅವಳು ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ತಿರುಗಿಸಿ ತೋರಿಸುತ್ತಿದ್ದಳು. ನನ್ನ ಕೈಗೆ ಕೆಲಸ ಹತ್ತುತ್ತಿದ್ದ ಹಾಗೆ ಅವಳ ಕೈ ಸಡಿಲಾಗುವುದು ನನಗೆ ತಿಳಿಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಹೋದಾಗ ಅವಳು ಆ ಡೈಯನ್ನು ಕೈಯಲ್ಲಿ ತಿರುವಿ ತಿರುವಿ ನೋಡುತ್ತಿದ್ದಳು.

"ಇದು ಯಾವ ಕಡೀಲಿಂದ ಹಿಡೀತಾರೋ?" ಎಂದು ನನ್ನನ್ನೇ ಕೇಳಿದಳು. ನಾನು ತೋರಿಸಿದೆ. "ಹೌದಲ್ಲ," ಎಂದು ಅದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಚೀಲದಲ್ಲಿಟ್ಟಳು. ಹನ್ನೆರಡು ವರ್ಷ ಅವಳ ಚೀಲದಲ್ಲಿದ್ದ ಸಾಮಾನು ಅದು. ಹಾಗೆ ದಿನಕ್ಕೊಂದು ಸಾಮಾನು ಅವಳ ಚೀಲದಿಂದ ನನ್ನ ಚೀಲಕ್ಕೆ ಬಂತು.

ಕೆಲಸವೇನೋ ನನಗೆ ಹಿಡಿಸಿತು. ಮರೆಗೆ ಸೆಣಬಿನ ಎಳೆ ಸುತ್ತಿ ಬಿಳಿ ಬಣ್ಣ ಹಚ್ಚಿ ಬಿಗಿ ಮಾಡಿದಾಗ, ನೀರು ಬಿಟ್ಟರೂ ಒಂದು ಹನಿ ಹೊರಗೆ ಬಾರದೆ ಇದ್ದಾಗ ಎದೆ ತಣ್ಣಗಾಗುತ್ತಿತ್ತು. ಆದರೆ ಮನೆಗೆ ಬಂದರೆ ಕೂರಲು ಆಗುತ್ತಿರಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗುತ್ತಿದ್ದೆ. ನಾನು ಒಳ್ಳೆಯವನೋ ಕಳ್ಳನೋ ಎಂದು ನನಗೇ ತಿಳಿಯದಾಗಿತ್ತು. ಎಂಟನೆಯ ದಿನ ಬಸಲಿಂಗವ್ವನ ಮನೆಯ ಮುಂದೆಯೇ ಎರಡು ಪೈಪು ಕೂಡಿಸುವ ಒಂದು ಸಾಕೆಟ್ ಸಡಿಲಾಗಿ ನೀರು ಚಿಮ್ಮಿತು. ಅವಳು ಅಭ್ಯಾಸಬಲದಿಂದ ಕುಂಟುತ್ತಲೇ ಧಾವಿಸಿ ಎರಡೂ ಅಂಗೈಗಳಿಂದ ಅದನ್ನು ಅದುಮಿ ಹಿಡಿದು, ಮುಂದೇನು ಮಾಡಬೇಕೆಂದು ತಿಳಿಯದೆ, ಮುಖದ ಮೇಲೆ ನೀರು ಹಾಯಿಸಿಕೊಳ್ಳುತ್ತ ನಿಂತಳು. ನಾನು ಬಂದು ಬಿಗಿ ಮಾಡುವವರೆಗೂ ಹಾಗೇ ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತಿಗೆ ಸಾಕು," ಎಂದಳು.

ಹತ್ತನೆಯ ದಿನದ ಹೊತ್ತಿಗೆ ಒಂದು ಕೆಲಸ ಮಾತ್ರ ಉಳಿದಿತ್ತು. ನೆಲದೊಳಗೆ ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು. ಅವಳ ಬಳಿ ಕಿವಿಯೆತ್ತರದ ಒಂದು ಕಬ್ಬಿಣದ ಸಳಿ ಇತ್ತು. ಅದರ ಒಂದು ತುದಿಯನ್ನು ರಸ್ತೆಯ ಮೇಲೆ ಊರಿ, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ನಾಲ್ಕು ಹೆಜ್ಜೆ ಮುಂದೆ, ಎರಡು ಹಿಂದೆ. ಆಮೇಲೆ "ಇಲ್ಲಿ ಅಗೀರಿ" ಎನ್ನುತ್ತಿದ್ದಳು. ಒಂದು ಮೊಳವೂ ಆಚೀಚೆ ಆಗುತ್ತಿರಲಿಲ್ಲ.

ಅದನ್ನು ಯಾವಾಗ ಕಲಿಸುತ್ತೀರಿ ಎಂದು ನಾನು ಕೇಳಲಿಲ್ಲ. ಅವಳೂ ನಾಳೆ, ನಾಳಿದ್ದು ಎಂದು ಮುಂದೂಡಿದಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತಾನಾಗಿಯೇ ಹೇಳಿದಳು: "ನಮ್ಮವರು ಇದನ್ನ ಕಡೀಕ ಕಲಿಸಿದ್ರು. ಎಲ್ಲಾ ಕೊಟ್ರು, ಇದನ್ನೊಂದ ಹಿಡಕೊಂಡಿದ್ರು. ನಾನ ಗಂಟ ಬಿದ್ದೆ. ಕಲಿಸಿದ ಮರುದಿನ ಮಾರಿ ತೊಳ್ಯಾಕ ಹೋದವರು ನಳದ ಕೆಳಗ ಕೈ ಹಿಡಕೊಂಡು ಸುಮ್ಮನ ನಿಂತಿದ್ರು. ಬಂದ್ ಮಾಡೂದು ತಿಳೀಲಿಲ್ಲ ಅವರಿಗೆ. ನಾ ಬೈದೆ. ನೀರು ಹಾಳ ಮಾಡ್ತೀರೇನಂತ ಬೈದೆ." ಅವಳು ರೊಟ್ಟಿಯನ್ನು ಮಡಚಿ ಮತ್ತೆ ಬಟ್ಟೆಯಲ್ಲಿಟ್ಟಳು. "ಎಂಥಾದ್ದು ಅದು, ಎಲ್ಲಾ ಹ್ವಾದ ಮ್ಯಾಲ ಹೆಂಗಿರ್ತೈತಿ ಅಂತ ಒಂದ ಮಾತ ಕೇಳಬಹುದಿತ್ತು. ಕೇಳಲಿಲ್ಲ."

ಆ ಮಾತು ಕೇಳಿದ ಮೇಲೆ ನಾನು ಅವಳ ಮನೆಗೆ ಹೋಗಲಿಲ್ಲ. ನೆಟ್ಟಗೆ ಗುರುಸಿದ್ದಯ್ಯನವರ ಹತ್ತಿರ ಹೋಗಿ, ನನ್ನ ಹೆಸರನ್ನು ಡ್ರೈವಿಂಗ್‌ಗೆ ಬದಲಿಸಿ ಎಂದೆ. ಡ್ರೈವಿಂಗ್ ಕಲಿಸಲು ನಿವೃತ್ತ ಬಸ್ ಡ್ರೈವರ್ ಒಬ್ಬರು ಕಾಯುತ್ತಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು, ಆ ಕೆಲಸವನ್ನು ಕೊಟ್ಟು ಕೈ ತೊಳೆದುಕೊಂಡರೆ ಸಾಕೆನ್ನುತ್ತಿದ್ದರು. ಅದರಲ್ಲಿ ಪಾಪವಿಲ್ಲ ಎಂದುಕೊಂಡೆ. ಗುರುಸಿದ್ದಯ್ಯ ಕನ್ನಡಕದ ಮೇಲಿಂದ ನೋಡಿದರು. "ಬಸಲಿಂಗವ್ವಗ ಹೇಳಿರೇನು?" ಇಲ್ಲ ಎಂದೆ. ಅವರು ಹಾಳೆಯನ್ನು ನನ್ನ ಕಡೆ ತಳ್ಳಿ, ತಾವು ಏನನ್ನೂ ಬರೆಯದೆ ಎದ್ದುಹೋದರು. ನನ್ನ ಹೆಸರು ನಳದ ಕೆಲಸದ ಕೆಳಗೇ ಉಳಿಯಿತು.

ನಾನು ಮಾತ್ರ ದೊಡ್ಡದೊಂದನ್ನು ಬಿಟ್ಟುಕೊಟ್ಟವನ ಹಾಗೆ ಮನೆಗೆ ಬಂದೆ. ನೀಲವ್ವನಿಗೆ ಹೇಳಿದೆ. ಒಬ್ಬ ಹೆಂಗಸಿನ ಹತ್ತಿರ ಗಂಡನದು ಅಂತ ಉಳಿದದ್ದನ್ನು ನಾನು ಹ್ಯಾಗೆ ತೆಗೆದುಕೊಳ್ಳಲಿ ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಇದಕ್ಕ ಧರ್ಮ ಅಂತ ಹೆಸರ ಇಡಬ್ಯಾಡ್ರಿ. ನಿಮಗ ಯಾವ್ದೂ ಕಡೀತನಕ ನಿಲ್ಲಂಗಿಲ್ಲ. ಆ ಫಾರ್ಮು ಮೂರ ಸಲ ತುಂಬಿದ್ರಿ. ಮೌಲಾಸಾಬರ ಮನಿಯಾಗ ಚಹಾ ಬಿಟ್ಟ ಬಂದ್ರಿ. ಈಗ ಆಕೀನ್ನ ನಡುನೀರಾಗ ಬಿಟ್ಟ ಬಂದೀರಿ."

ನನಗೆ ಸಿಟ್ಟು ಬಂತು. ಒಂದು ವಾರ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಬಸ್ ಡ್ರೈವರರ ಜೊತೆ ಎರಡು ದಿನ ಖಾಲಿ ಬಯಲಿನಲ್ಲಿ ಸುತ್ತಿದೆ, ಮೂರನೆಯ ದಿನ ಹೋಗಲಿಲ್ಲ. ಎಲ್ಲಿ ಕೂತರೂ ಬೇರೆ ಕಡೆ ಇರಬೇಕಾಗಿತ್ತು ಅನ್ನಿಸುತ್ತಿತ್ತು.

ಅಷ್ಟರಲ್ಲಿ ಊರಲ್ಲಿ ಮಾತು ಶುರುವಾಯಿತು. ಬಸಲಿಂಗವ್ವ ರಸ್ತೆ ರಸ್ತೆಯಲ್ಲಿ ನಿಲ್ಲುತ್ತಾಳಂತೆ. ಸಳಿ ಊರಿಕೊಂಡು ನಿಂತರೆ ಬಂಡಿ ಬಂದರೂ ಸರಿಯುವುದಿಲ್ಲವಂತೆ. ನೀಲವ್ವ ಇದನ್ನು ನನಗೆ ಹೇಳಲಿಲ್ಲ, ಪಕ್ಕದ ಮನೆಯವಳಿಗೆ ನನಗೆ ಕೇಳುವ ಹಾಗೆ ಹೇಳಿದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಹೆರಿಗೆ ಆಸ್ಪತ್ರೆಯ ಮೂಲೆಯಲ್ಲಿ ಅವಳು ಸಿಕ್ಕಳು. ಬಿಸಿಲು ಏರಿತ್ತು. ಆಸ್ಪತ್ರೆಯ ಗೋಡೆಯ ಬುಡದಲ್ಲಿ ಮೊಣಕಾಲುದ್ದ ಗುಂಡಿ ಅಗೆದು, ಒಳಗೆ ರಬ್ಬರು ಪಟ್ಟಿ ಸುತ್ತಿದ ಪೈಪು ಹಾಗೇ ಬಿಟ್ಟಿದ್ದರು. ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಅವಳ ಮುಖ ಸೊರಗಿಹೋಗಿತ್ತು. ನನ್ನನ್ನು ನೋಡಿದ ಕೂಡಲೇ ಸಳಿಯನ್ನು ನನ್ನ ಎದೆಗೆ ಗುರಿಮಾಡಿ ಎತ್ತಿದಳು.

"ಬಂದ್ಯಾ ದೊಡ್ಡ ಮನುಷ್ಯಾ! ನನ್ನ ಮ್ಯಾಲ ಕರುಣಾ ಬಂತೇನ ನಿನಗ?"

"ಅಕ್ಕಾರ, ನಿಮ್ಮದು ನಿಮಗ ಇರಲಿ ಅಂತ…"

"ಏನ ಇರಲಿ? ಅರ್ಧ ತಗೊಂಡ ಹೋಗಿ ಅರ್ಧ ಬಿಟ್ಟಿ. ನನಗ ಕೇಳ್ತೈತಿ, ತಿಳೀತೇನ? ಇಡೀ ಊರಾಗ ಎಲ್ಲೆಲ್ಲಿ ಸೋರ್ತೈತಿ ಅಷ್ಟೂ ಕೇಳ್ತೈತಿ. ಸಳಿ ಇಲ್ದನೂ ಅಂಗಾಲಿನಾಗ ಕೇಳ್ತೈತಿ. ಕೈಗೆ ಏನೂ ಬರಂಗಿಲ್ಲ. ನೀರಿನ ಆಪೀಸಿನವರು ಬಂದು ರಬ್ಬರ್ ಸುತ್ತಿ ಹ್ವಾದ್ರು. ಗ್ವಾಡಿ ಬಿರಿತೈತಿ, ಒಳಗ ಬಾಣಂತ್ಯಾರು ಮಲಗ್ಯಾರ. ನಾ ಹಿಂಗ ನಿಂತ ಕೇಳ್ಲಿ ಏನು? ಮಿಲ್ಟ್ರಿಯಾಗ ಹಿಂಗ ಕಲಿಸ್ಯಾರೇನ ನಿನಗ, ಅರ್ಧಕ್ಕ ಬಿಟ್ಟ ಬರಾಕ?"

ಮಿಲಿಟರಿಯಲ್ಲಿ ಹಾಗೆ ಕಲಿಸಿರಲಿಲ್ಲ. ಅಲ್ಲಿ ಗುರುತು ಹಾಕಿದ ಜಾಗವನ್ನು ಪೂರ್ತಿ ಬಿಡಿಸದೆ ಯಾರೂ ಎದ್ದು ಬರುವಂತಿರಲಿಲ್ಲ. ಅದನ್ನು ನಾನೇ ಮುನ್ನೂರು ಜನಕ್ಕೆ ಹೇಳಿಕೊಟ್ಟಿದ್ದೆ. ಮನೆಗೆ ಓಡಿದೆ, ಚೀಲ ತಂದೆ, ನೀರಿನ ವಾಲ್ ಬಂದ್ ಮಾಡಿಸಿ ಗುಂಡಿಗೆ ಇಳಿದೆ.

"ಅಲ್ಲಲ್ಲ," ಎಂದಳು ಮೇಲಿಂದ. "ಅವರು ಅಗದದ್ದ ತಪ್ಪ. ಇನ್ನ ಎರಡ ಮೊಳ ಗ್ವಾಡಿ ಕಡೆ. ಎಲ್ಬೋ ಐತಿ ಅಲ್ಲಿ, ಅದು ಒಡದೈತಿ."

ನಾನು ಅಗೆದೆ. ಅವಳು ಹೇಳಿದಲ್ಲೇ, ಪೈಪು ತಿರುಗುವ ಕಡೆ, ಎಲ್ಬೋ ಇತ್ತು, ಉದ್ದಕ್ಕೆ ಸೀಳಿತ್ತು. ಅದನ್ನು ಕತ್ತರಿಸಿ ತೆಗೆದು, ಹೊಸ ಮರೆ ಕೊರೆದು, ಸೆಣಬು ಸುತ್ತಿ ಕೂರಿಸಲು ಎರಡು ತಾಸು ಹಿಡಿಯಿತು. ಆಸ್ಪತ್ರೆಯ ಆಯಾ ಕಿಟಕಿಯಿಂದ ಒಂದು ತಂಬಿಗೆ ನೀರು ಕೊಟ್ಟಳು. ವಾಲ್ ತಿರುವಿದಾಗ ಬಸಲಿಂಗವ್ವ ಸಳಿ ಊರಿ ಕೇಳಿದಳು. "ನಿಂತ್ತು," ಎಂದಳು. ಅವಳ ಹೆಗಲು ಇಳಿದವು. ಮೇಲೆ ಬರುತ್ತಿದ್ದ ನನ್ನನ್ನು ಕೈ ನೀಡಿ ಎಳೆದಳು, ಮೊಣಕಾಲು ನೋವನ್ನು ಮರೆತು.

ನಾನು ಯೋಚಿಸಿ ಹೇಳಿದೆ: "ಹಿಂಗ ಮಾಡೂಣೇನ್ರಿ? ನೀವು ಕೇಳ್ರಿ, ನಾ ಮಾಡ್ತೀನಿ. ಇಬ್ಬರೂ ಕೂಡಿ ನಡಸೂಣು."

"ಎಷ್ಟ ದಿನ?" ಎಂದಳು. "ನೀ ಒಂದಿನ ಊರಾಗ ಇಲ್ಲಂದ್ರ ನನ್ನ ಗತಿ ಮತ್ತ ಇದ. ನಾ ಇಲ್ಲಂದ್ರ ನಿನ್ನ ಗತಿ? ಬ್ಯಾಡ. ಇಷ್ಟ ದಿನ ಅಂಜಿದ್ದೆ, ಖರೆ. ಈಗ ಅಂಜಿಕಿ ಹೋಗೇತಿ. ನಾಳೆ ಬೆಳಿಗ್ಗೆ ಬಾ. ಬರ್ಲಿಲ್ಲಂದ್ರ ನಿನ್ನ ಮನಿ ಮುಂದ ಬಂದ ನಿಂದರ್ತೀನಿ."

ಹೋದೆ. ಸಂತೆ ರಸ್ತೆ ಆಗಷ್ಟೇ ಎದ್ದಿತ್ತು. ಕಸ ಗುಡಿಸುವವರು ಮುಂದೆ ಸಾಗಿದ್ದರು. ಅವಳು ಸಳಿಯನ್ನು ನನ್ನ ಕೈಗೆ ಕೊಟ್ಟು, ತುದಿಯನ್ನು ಕಿವಿಯ ಹಿಂದೆ ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿದಳು. ನಾನು ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ತೀರಾ ಸಣ್ಣಗೆ ಒಂದು ಸದ್ದು. ಇಪ್ಪತ್ತು ವರ್ಷ ನೆಲದೊಳಗಿಂದ ಸದ್ದು ಬಂದರೆ ಅದಕ್ಕೆ ಒಂದೇ ಅರ್ಥವಿತ್ತು. ಬೋರಲು ಮಲಗಲು ನಾನು ಅರ್ಧ ಬಗ್ಗಿದ್ದನ್ನು ಅವಳು ನೋಡಿದಳು.

"ಅಂಜಬ್ಯಾಡ," ಎಂದಳು ಮೆಲ್ಲಗೆ. ನನ್ನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟಳು. "ನೀರದು. ಏನೂ ಮಾಡಂಗಿಲ್ಲ. ಹೋಗೂದು ಬ್ಯಾರೆ ದನಿ, ಸೋರೂದು ಬ್ಯಾರೆ ದನಿ. ಹೋಗೂದು ಉದ್ದಕ ಇರ್ತೈತಿ. ಸೋರೂದು ಒಂದ ಕಡೆ ಕುಂತ ಅತ್ತಂಗ ಇರ್ತೈತಿ. ಕೇಳು."

ಕೇಳಿದೆ. ಬಹಳ ಹೊತ್ತು ಕೇಳಿದೆ. ಉದ್ದಕ್ಕೆ ಹೋಗುವ ದನಿ ತಿಳಿಯಿತು. ಆಮೇಲೆ ಅದರಿಂದ ಬೇರೆಯಾಗಿ ಇನ್ನೊಂದು. ಕಣ್ಣು ಮುಚ್ಚಿ ಮುಂದೆ ನಾಲ್ಕು ಹೆಜ್ಜೆ, ಹಿಂದೆ ಎರಡು. ಕಾಲ ಕೆಳಗೆ ಬರಿಮಣ್ಣಿತ್ತೋ ಕಲ್ಲಿತ್ತೋ ನೋಡಲಿಲ್ಲ. ನನ್ನ ಮುಷ್ಟಿಯ ಮೇಲಿದ್ದ ಅವಳ ಕೈ ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಕಣ್ಣು ತೆರೆದಾಗ ಅವಳು ಸ್ವಲ್ಪ ದೂರದಲ್ಲಿ ನಿಂತು ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅವಳು ಹನ್ನೆರಡು ವರ್ಷದ ಹಿಂದೆ ಕೇಳದೆ ಬಿಟ್ಟದ್ದನ್ನು ನಾನು ಕೇಳಿದೆ. "ಹೆಂಗೈತ್ರಿ ಅಕ್ಕಾರ?"

ಅವಳು ತಲೆಯನ್ನು ಅತ್ತ ಇತ್ತ ವಾಲಿಸಿದಳು. "ಹಕ್ಕಿ ಕೂಗಾಕ ಹತ್ಯಾವು," ಎಂದಳು ಕೊನೆಗೆ. "ಈ ಓಣ್ಯಾಗ ಇಷ್ಟ ಹಕ್ಕಿ ಅದಾವಂತ ನನಗ ಗೊತ್ತಿರ್ಲಿಲ್ಲ." ಕಣ್ಣು ತುಂಬಿದ್ದವು, ಆದರೆ ಅವಳು ಅಳಲಿಲ್ಲ. "ಗುರುಸಿದ್ದಯ್ಯ ಹನ್ನೊಂದಕ್ಕ ಬರ್ತಾನ. ಅಲ್ಲೇ ಸಹಿ ಮಾಡೂಣು. ನಾ ಮನಿಗೆ ಹೋಗಿ ಒಂದೀಟ ಮಲಗ್ತೀನಿ."

ಸೆರಗು ಸರಿಪಡಿಸಿಕೊಂಡು ಹೊರಟಳು. ರಸ್ತೆಯ ನಡುವೆಯೇ ನಡೆದಳು, ಮೊಣಕಾಲು ನೋಯುವವರ ನಿಧಾನದಲ್ಲಿ, ಮರಗಳ ಕಡೆ ಮುಖ ಎತ್ತಿಕೊಂಡು. ಎಲ್ಲೂ ನಿಲ್ಲಲಿಲ್ಲ, ಒಮ್ಮೆಯೂ ಕೆಳಗೆ ನೋಡಲಿಲ್ಲ. ಬಳೆ ಅಂಗಡಿಯ ಮುಂದೆ ನೆಲದಡಿಯಲ್ಲಿ ನೀರು ಸೋರುತ್ತಿತ್ತು. ನನಗೆ ಇಷ್ಟು ದೂರಕ್ಕೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳು ಸರಿಯಾಗಿ ಅದರ ಮೇಲೆಯೇ ಕಾಲಿಟ್ಟು ದಾಟಿಹೋದಳು. ನಾನು ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಕಾದು, ಆಮೇಲೆ ಚೀಲ ಹೆಗಲಿಗೇರಿಸಿ ಬಳೆ ಅಂಗಡಿಯ ಮುಂದೆ ಹೋಗಿ ಮಂಡಿಯೂರಿದೆ.